ಬಳಸಿದ ಬಟ್ಟೆಗಳ ಆನ್‌ಲೈನ್ ಮಾರುಕಟ್ಟೆ: ಮಾರುವವರ ಕಡೆಯಿಂದ ಒಂದು ವಿಮರ್ಶೆ

ಬಳಸಿದ ಬಟ್ಟೆಗಳನ್ನು ಮಾರುವ ಆನ್‌ಲೈನ್ ತಾಣಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೊಳ್ಳುವವರ ಕಡೆ ನಿಂತು ಬರೆಯುತ್ತಾರೆ. ಎಷ್ಟು ಅಗ್ಗಕ್ಕೆ ಸಿಕ್ಕಿತು, ಎಷ್ಟು ಬೇಗ ಕೈಸೇರಿತು, ಚಿತ್ರದಲ್ಲಿ ಕಂಡಂತೆಯೇ ಇತ್ತೇ ಎಂಬಷ್ಟಕ್ಕೆ ಅವರ ಮಾತು ಮುಗಿಯುತ್ತದೆ. ಇಂಥ ಹಲವು ತಾಣಗಳಲ್ಲಿ ಬಹಳ ಕಾಲದಿಂದ ಬಟ್ಟೆ ಮಾರುತ್ತಿರುವ ನಾನು ಅದೇ ಸೇವೆಯನ್ನು ಇಲ್ಲಿ ಮಾರುವವರ ಕಡೆಯಿಂದ ತೂಗಿ ನೋಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳುವವರನ್ನು ಹುಡುಕಿಕೊಡುವ ಕೆಲಸವನ್ನು ಈ ತಾಣಗಳು ಚೆನ್ನಾಗಿಯೇ ಮಾಡುತ್ತವೆ. ಆದರೆ ಒಂದೇ ಒಂದು ಪ್ರತಿ ಇರುವ ಸರಕನ್ನು ಮಾರುವುದರಲ್ಲಿ ಎಷ್ಟು ದುಡಿಮೆ ಅಡಗಿದೆ ಎಂಬುದನ್ನು ಅವುಗಳ ನಿಯಮಗಳಾಗಲಿ ಶುಲ್ಕಗಳಾಗಲಿ ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹೊಸ ಬಟ್ಟೆಯ ಕಂಪನಿಯೊಂದು ಒಂದು ಅಂಗಿಯ ಚಿತ್ರವನ್ನು ಒಮ್ಮೆ ತೆಗೆದು, ವಿವರವನ್ನು ಒಮ್ಮೆ ಬರೆದು, ಅದೇ ಚಿತ್ರ ಮತ್ತು ವಿವರಗಳಿಂದ ಸಾವಿರಾರು ಅಂಗಿಗಳನ್ನು ಮಾರಬಹುದು. ಬಳಸಿದ ಅಂಗಿಗೆ ಆ ಅನುಕೂಲವಿಲ್ಲ. ಅದನ್ನು ಒಗೆದು, ಇಸ್ತ್ರಿ ಮಾಡಿ, ಸಡಿಲವಾದ ಗುಂಡಿಯನ್ನು ಭದ್ರಪಡಿಸಿ, ಚಿತ್ರ ತೆಗೆದು, ಅಳೆದು, ವಿವರ ಬರೆದು, ಬೆಲೆ ಕಟ್ಟಿ, ಪ್ರಶ್ನೆಗಳಿಗೆ ಉತ್ತರಿಸಿ, ಕೊನೆಗೆ ಪೊಟ್ಟಣ ಕಟ್ಟಿ ಕಳಿಸುವಷ್ಟರಲ್ಲಿ ಆ ಒಂದು ಅಂಗಿಗಾಗಿ ಮಾಡಿದ ಕೆಲಸವೆಲ್ಲ ಆ ಅಂಗಿಯೊಂದಿಗೇ ಹೊರಟುಹೋಗುತ್ತದೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಈ ವ್ಯಾಪಾರದ ಹೆಚ್ಚಿನ ಕಷ್ಟಗಳು ಹುಟ್ಟುವುದು ಇಲ್ಲಿಂದಲೇ.

ಚಿತ್ರ ತೆಗೆಯುವ ಕೆಲಸವನ್ನೇ ನೋಡಿ. ಗಾಢ ನೀಲಿ ಬಣ್ಣದ ಪ್ಯಾಂಟೊಂದನ್ನು ಸಂಜೆ ಹಳದಿ ದೀಪದ ಕೆಳಗೆ ಇಟ್ಟು ಫೋನಿನಲ್ಲಿ ಚಿತ್ರ ತೆಗೆದರೆ ಅದು ಕಪ್ಪಾಗಿಯೇ ಕಾಣುತ್ತದೆ; ಬೆಳಕು ಹೆಚ್ಚಿಸಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಫೋನಿನ ಕ್ಯಾಮೆರಾ ತನಗೆ ಸರಿಯೆನಿಸಿದಂತೆ ಬಣ್ಣವನ್ನು ತಾನೇ ತಿದ್ದಿಕೊಳ್ಳುವುದರಿಂದ, ಹಿನ್ನೆಲೆ ಬದಲಾದರೂ ಬಟ್ಟೆಯ ಬಣ್ಣ ಬದಲಾಗುತ್ತದೆ. ಕಿಟಕಿಯ ಪಕ್ಕದ ಹಗಲು ಬೆಳಕಿನಲ್ಲಿ, ಬಟ್ಟೆಯ ಪಕ್ಕ ಒಂದು ಬಿಳಿ ಹಾಳೆಯನ್ನಿಟ್ಟು ತೆಗೆದರೆ ಕೊಳ್ಳುವವರ ಕಣ್ಣಿಗೆ ಒಂದು ಆಧಾರ ಸಿಗುತ್ತದೆ. ಮುಂಭಾಗ, ಹಿಂಭಾಗ, ಕೊರಳಪಟ್ಟಿಯ ಒಳಬದಿ, ತೋಳಿನ ಅಂಚು, ಕಂಕುಳ ಹೊಲಿಗೆ, ಒಗೆಯುವ ಸೂಚನೆಯ ಲೇಬಲ್, ಇವೆಲ್ಲ ಚಿತ್ರದಲ್ಲಿ ಬರಲೇಬೇಕು. ದೋಷವಿದ್ದರೆ ಅದನ್ನು ಹತ್ತಿರದಿಂದ ತೋರಿಸಬೇಕು. ದೋಷವನ್ನು ದೊಡ್ಡದಾಗಿ ತೋರಿಸಿದ ಬಟ್ಟೆಯೂ ಮಾರಾಟವಾಗುತ್ತದೆ, ಬೆಲೆ ಮಾತ್ರ ಸ್ವಲ್ಪ ತಗ್ಗುತ್ತದೆ. ಮುಚ್ಚಿಟ್ಟ ದೋಷದ ಬಟ್ಟೆ ಮಾರಾಟವಾಗಿ ಹಿಂದಿರುಗಿ ಬರುತ್ತದೆ.

ಕಂಕುಳ ಭಾಗದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಬಿಳಿ ಅಂಗಿಗಳಲ್ಲಿ ಅಲ್ಲಿ ಕಾಣುವ ಹಳದಿ ಕಲೆ ಬರಿಯ ಬೆವರಿನದಲ್ಲ. ಬೆವರು ತಡೆಯುವ ಲೇಪನಗಳಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರಿನೊಂದಿಗೆ ಸೇರಿ ನೂಲಿನಲ್ಲಿ ಗಟ್ಟಿಯಾಗಿ ಕೂರುವುದರಿಂದ ಅದು ಉಂಟಾಗುತ್ತದೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಹಳದಿಯಾಗುವುದೇ ಹೆಚ್ಚು. ಸಿಂಥೆಟಿಕ್ ಬಟ್ಟೆಗಳದ್ದು ಬೇರೆಯೇ ಕಥೆ. ಪಾಲಿಯೆಸ್ಟರ್ ನೂಲು ಮೈಯ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಒಗೆದು ಒಣಗಿಸಿದಾಗ ಇಲ್ಲದ ವಾಸನೆ ಬಟ್ಟೆಯನ್ನು ತೊಟ್ಟು ಮೈ ಬಿಸಿಯಾದ ಕೂಡಲೇ ಮರಳಿ ಬರುತ್ತದೆ. ವಾಸನೆಯನ್ನು ಯಾವ ಚಿತ್ರವೂ ತೋರಿಸಲಾರದು. ನುಸಿಗುಳಿಗೆ, ಸಿಗರೇಟಿನ ಹೊಗೆ, ಸಾಕುಪ್ರಾಣಿ, ಸುಗಂಧ ಬೆರೆಸಿದ ಸಾಬೂನು, ಇವುಗಳಲ್ಲಿ ಯಾವುದು ಬಟ್ಟೆಯ ಹತ್ತಿರ ಸುಳಿದಿದೆ ಎಂಬುದನ್ನು ಬರೆದು ತಿಳಿಸುವುದಷ್ಟೇ ಮಾರುವವರಿಗಿರುವ ದಾರಿ. ಹಾಗಿದ್ದರೂ ನಾನು ಬಳಸಿದ ತಾಣಗಳಲ್ಲಿ ವಾಸನೆಯ ಬಗ್ಗೆ ಪ್ರತ್ಯೇಕವಾಗಿ ತುಂಬಬೇಕಾದ ಜಾಗವನ್ನು ನಾನು ಕಂಡಿಲ್ಲ.

ಅಳತೆಯ ವಿಷಯದಲ್ಲಂತೂ ಈ ತಾಣಗಳ ವಿನ್ಯಾಸ ನನಗೆ ತೀರ ನಿರಾಶೆ ತಂದಿದೆ. ಲೇಬಲ್ಲಿನ ಮೇಲೆ ಮೀಡಿಯಂ ಎಂದಿದ್ದರೆ ಅದಕ್ಕೆ ನಿಶ್ಚಿತವಾದ ಅರ್ಥವಿಲ್ಲ. ಮಹಿಳೆಯರ ಸಿದ್ಧ ಉಡುಪಿನ ಅಳತೆಗಳಿಗಾಗಿ ಅಮೆರಿಕದಲ್ಲಿ 1958ರಲ್ಲಿ ಪ್ರಕಟವಾಗಿದ್ದ ಮಾನದಂಡವನ್ನು 1983ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಇಂದು ಪ್ರತಿ ಬ್ರ್ಯಾಂಡೂ ತನ್ನದೇ ಅಳತೆಪಟ್ಟಿಯನ್ನು ಇಟ್ಟುಕೊಂಡಿರುತ್ತದೆ, ಒಂದೇ ಬ್ರ್ಯಾಂಡಿನ ಹಳೆಯ ಮತ್ತು ಹೊಸ ಉಡುಪುಗಳೂ ಪರಸ್ಪರ ಹೊಂದುವುದಿಲ್ಲ. ಅದರ ಮೇಲೆ ಬಳಸಿದ ಬಟ್ಟೆ ಒಗೆತದಲ್ಲಿ ಕುಗ್ಗಿರುತ್ತದೆ, ಮೊಣಕಾಲು ಮೊಣಕೈಗಳ ಬಳಿ ಹಿಗ್ಗಿರುತ್ತದೆ, ಕೆಲವೊಮ್ಮೆ ದರ್ಜಿಯ ಕೈಯಲ್ಲಿ ಮೊಟಕಾಗಿಯೂ ಇರುತ್ತದೆ. ಆದ್ದರಿಂದ ಬಟ್ಟೆಯನ್ನು ಸಮತಟ್ಟಾಗಿ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ, ಭುಜದ ಹೊಲಿಗೆಯಿಂದ ಕೆಳ ಅಂಚಿಗೆ, ತೋಳಿನ ಉದ್ದಕ್ಕೆ, ಪ್ಯಾಂಟಾದರೆ ಸೊಂಟಕ್ಕೆ ಮತ್ತು ಕಾಲಿನ ಒಳಹೊಲಿಗೆಯ ಉದ್ದಕ್ಕೆ ಟೇಪು ಹಿಡಿದು ಬರೆಯಬೇಕು. ಎಲಾಸ್ಟಿಕ್ ಇದ್ದರೆ ಎಳೆಯದೆ ಒಮ್ಮೆ, ಎಳೆದು ಇನ್ನೊಮ್ಮೆ ಅಳೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹುಡುಕುವವರಿಗೆ ತಾಣ ಕೊಡುವ ಸೋಸುವಿಕೆಯ ಆಯ್ಕೆ ಲೇಬಲ್ಲಿನ ಸೈಜನ್ನೇ ನೆಚ್ಚಿಕೊಂಡಿರುವುದರಿಂದ, ವಾಸ್ತವವಾಗಿ ಅವರ ಮೈಗೆ ಒಪ್ಪುವ ಬಟ್ಟೆ ಅವರ ಕಣ್ಣಿಗೇ ಬೀಳುವುದಿಲ್ಲ. ಎದೆಯಗಲ ಮತ್ತು ಉದ್ದಗಳನ್ನು ಕಡ್ಡಾಯವಾಗಿ ತುಂಬಿಸಿಕೊಂಡು, ಅವುಗಳ ಆಧಾರದ ಮೇಲೆ ಹುಡುಕುವ ವ್ಯವಸ್ಥೆಯನ್ನು ಯಾವ ತಾಣ ಮಾಡುತ್ತದೆಯೋ ಅದು ಹಿಂದಿರುಗುವ ಪಾರ್ಸೆಲ್‌ಗಳನ್ನು ಗಣನೀಯವಾಗಿ ತಗ್ಗಿಸಬಹುದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಶುಲ್ಕ. ಅಮೆರಿಕದ ಮಾರಾಟ ತಾಣ ಪಾಶ್‌ಮಾರ್ಕ್ 15 ಡಾಲರ್‌ಗಿಂತ ಕೆಳಗಿನ ಮಾರಾಟಕ್ಕೆ 2.95 ಡಾಲರ್ ಮತ್ತು ಅದಕ್ಕಿಂತ ಮೇಲಿನದಕ್ಕೆ ಶೇ. 20ರಷ್ಟನ್ನು ಮಾರುವವರಿಂದ ಹಿಡಿದುಕೊಳ್ಳುವ ಪದ್ಧತಿಯನ್ನು ಬಹುಕಾಲದಿಂದ ಇಟ್ಟುಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಆ ಭಾರದ ಒಂದು ಭಾಗವನ್ನು ಕೊಳ್ಳುವವರ ಮೇಲೆ ಹೊರಿಸುವ ಹೊಸ ಪದ್ಧತಿಯನ್ನು ತಂದು, ವಿರೋಧ ಬಂದಾಗ ಅದೇ ತಿಂಗಳು ಅದನ್ನು ಹಿಂತೆಗೆದುಕೊಂಡಿತು. ಅಮೆರಿಕದ ಮೆರ್ಕಾರಿ 2024ರ ಮಾರ್ಚ್‌ನಲ್ಲಿ ಮಾರಾಟ ಶುಲ್ಕವನ್ನು ತೆಗೆದುಹಾಕಿ, 2025ರ ಜನವರಿಯಲ್ಲಿ ಶೇ. 10ರ ಶುಲ್ಕವನ್ನು ಮತ್ತೆ ತಂದಿತು. ಲಿಥುವೇನಿಯಾದಲ್ಲಿ 2008ರಲ್ಲಿ ಆರಂಭವಾದ ವಿಂಟೆಡ್ ಮಾರುವವರಿಂದ ಏನನ್ನೂ ಹಿಡಿಯದೆ, ಕೊಳ್ಳುವವರಿಂದ ರಕ್ಷಣಾ ಶುಲ್ಕ (ಬಟ್ಟೆ ಬಾರದಿದ್ದರೆ ಅಥವಾ ವಿವರಣೆಗೆ ಹೊಂದದಿದ್ದರೆ ಹಣ ಹಿಂದಿರುಗಿಸುವ ಭರವಸೆಗಾಗಿ) ಪಡೆಯುವ ಮಾದರಿಯಲ್ಲಿ ಬೆಳೆದಿದೆ. ಬ್ರಿಟನ್ನಿನಲ್ಲಿ ಡೆಪಾಪ್ 2024ರ ಮಾರ್ಚ್‌ನಲ್ಲಿಯೂ, ಈಬೇ ಖಾಸಗಿಯಾಗಿ ಬಟ್ಟೆ ಮಾರುವವರ ಮಟ್ಟಿಗೆ ಅದೇ ವರ್ಷದ ಏಪ್ರಿಲ್‌ನಲ್ಲಿಯೂ ಮಾರಾಟ ಶುಲ್ಕವನ್ನು ಕೈಬಿಟ್ಟವು. ಕಡಿಮೆ ಬೆಲೆಯ ಬಟ್ಟೆಗಳಿಗೆ ಮಾರುವವರಿಂದ ಶುಲ್ಕ ಹಿಡಿಯದ ಈ ಮಾದರಿಯೇ ಹೆಚ್ಚು ನ್ಯಾಯವಾದದ್ದು ಎಂಬುದು ನನ್ನ ತೀರ್ಮಾನ, ಏಕೆಂದರೆ ಕೈಗೆ ಬರುವ ಹಣ ಎಷ್ಟೆಂದು ಬೆಲೆ ಕಟ್ಟುವಾಗಲೇ ಗೊತ್ತಿರುತ್ತದೆ. ಆದರೆ ಕೊಳ್ಳುವವರು ಬೆಲೆ, ರಕ್ಷಣಾ ಶುಲ್ಕ, ಸಾಗಣೆ ವೆಚ್ಚ ಮೂರನ್ನೂ ಕೂಡಿಸಿ ನೋಡಿಯೇ ಚೌಕಾಸಿಗೆ ಇಳಿಯುವುದರಿಂದ, ಶುಲ್ಕ ಯಾರ ಹೆಸರಿನಲ್ಲಿದ್ದರೂ ಅದರ ಒಂದು ಪಾಲು ಕೊನೆಗೆ ಮಾರುವವರ ಬೆಲೆಯಿಂದಲೇ ಕಳೆದುಹೋಗುತ್ತದೆ.

ಚೌಕಾಸಿಯ ಬಗ್ಗೆ ನನಗೆ ಬೇಸರವಿಲ್ಲ. ಅದು ವ್ಯಾಪಾರದ ಸಹಜ ಭಾಗ. ಬೇಸರ ತರುವುದು ಗಮನ ಸೆಳೆಯುತ್ತಲೇ ಇರಬೇಕಾದ ಒತ್ತಡ. ಹೊಸದಾಗಿ ಹಾಕಿದ ಬಟ್ಟೆಯನ್ನು ಹುಡುಕಾಟದ ಮೇಲ್ಭಾಗದಲ್ಲಿ ತೋರಿಸಿ, ದಿನ ಕಳೆದಂತೆ ಕೆಳಗೆ ತಳ್ಳುವ ತಾಣಗಳಲ್ಲಿ ಅದೇ ಬಟ್ಟೆಯನ್ನು ಅಳಿಸಿ ಮತ್ತೆ ಹಾಕುವುದು, ಬೆಲೆಯನ್ನು ತುಸು ಇಳಿಸಿ ಎಚ್ಚರಿಸುವುದು, ಮೆಚ್ಚಿಗೆ ಒತ್ತಿದವರಿಗೆ ಆಫರ್ ಕಳಿಸುವುದು ನಿತ್ಯದ ಕೆಲಸವಾಗುತ್ತದೆ. ಹಣ ಕೊಟ್ಟು ಮೇಲಕ್ಕೇರಿಸುವ ಜಾಹೀರಾತು ಸೌಲಭ್ಯವೂ ಹಲವು ಕಡೆ ಇದೆ. ಶುಲ್ಕವಿಲ್ಲ ಎಂದು ಹೇಳಿಕೊಳ್ಳುವ ತಾಣದಲ್ಲಿ ಈ ಸೌಲಭ್ಯವನ್ನು ಮತ್ತೆ ಮತ್ತೆ ಬಳಸಬೇಕಾಗಿ ಬಂದರೆ, ಅದನ್ನೂ ಶುಲ್ಕವೆಂದೇ ಲೆಕ್ಕ ಹಾಕಬೇಕು.

ಈ ಸೇವೆಗಳಿಗೆ ನಾನು ಅತಿ ಕಡಿಮೆ ಅಂಕ ಕೊಡುವುದು ವಿವಾದಗಳ ಪರಿಹಾರಕ್ಕೆ. ಕೊಳ್ಳುವವರ ಹಣವನ್ನು ತಾಣವೇ ಹಿಡಿದಿಟ್ಟುಕೊಂಡು, ಪಾರ್ಸೆಲ್ ತಲುಪಿದ ಮೇಲೆ ಅವರಿಗೆ ಪರೀಕ್ಷಿಸಲು ಸಮಯ ಕೊಟ್ಟು, ದೂರು ಬರದಿದ್ದರೆ ಮಾರುವವರಿಗೆ ಬಿಡುಗಡೆ ಮಾಡುವುದು ಸಾಮಾನ್ಯ ಕ್ರಮ. ವಿಂಟೆಡ್‌ನಲ್ಲಿ ಈ ಅವಧಿ 2 ದಿನ, ಪಾಶ್‌ಮಾರ್ಕ್‌ನಲ್ಲಿ 3 ದಿನ. ಈ ಕ್ರಮ ಒಳ್ಳೆಯದು. ಪರಿಚಯವಿಲ್ಲದ ಇಬ್ಬರ ನಡುವೆ ನಂಬಿಕೆ ಬೆಳೆಯಲು ಇದು ಬೇಕೇಬೇಕು. ಆದರೆ ದೂರು ಬಂದಾಗ ತಾಣದ ಸಿಬ್ಬಂದಿಗಾಗಲಿ ಯಂತ್ರಕ್ಕಾಗಲಿ ಬಟ್ಟೆಯನ್ನು ಮುಟ್ಟಿ ನೋಡಲು ಸಾಧ್ಯವಿಲ್ಲ, ಎರಡು ಕಡೆಯ ಚಿತ್ರಗಳನ್ನು ಮಾತ್ರ ಹೋಲಿಸಬೇಕು. ನಾನು ಮಾರಿದ ಉಣ್ಣೆಯ ಕೋಟೊಂದರ ಒಳಪದರ ಹರಿದಿದೆ ಎಂದು ಕೊಂಡವರು ದೂರಿದಾಗ, ಕಳಿಸುವ ಮುನ್ನ ತೆಗೆದಿದ್ದ ಒಳಪದರದ ಸ್ಪಷ್ಟ ಚಿತ್ರ ತಾಣದಲ್ಲಿ ನಾನು ಹಾಕಿದ್ದ ಮಾರಾಟದ ಪುಟದಲ್ಲಿಯೇ ಇತ್ತು. ಆದರೂ ಆ ತಾಣದಿಂದ ಬಂದದ್ದು, ಆ ಚಿತ್ರದ ಪ್ರಸ್ತಾಪವೇ ಇಲ್ಲದ, ಮೊದಲೇ ಬರೆದಿಟ್ಟಂತಿದ್ದ ಒಂದು ಉತ್ತರ ಮತ್ತು ಹಣ ಹಿಂದಿರುಗಿಸಲಾಗಿದೆ ಎಂಬ ಸೂಚನೆ. ಕೊಂಡವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ, ದಾರಿಯಲ್ಲಿಯೂ ಹರಿದಿರಬಹುದು. ನನ್ನ ಆಕ್ಷೇಪವೆಂದರೆ, ಎರಡೂ ಕಡೆಯ ಸಾಕ್ಷ್ಯವನ್ನು ನೋಡಿದ್ದೇವೆ ಎಂಬುದನ್ನು ತೋರಿಸುವ ಒಂದು ವಾಕ್ಯವೂ ಆ ತೀರ್ಪಿನಲ್ಲಿ ಇರಲಿಲ್ಲ. ಅಂದಿನಿಂದ ಬೆಲೆಬಾಳುವ ಬಟ್ಟೆಯನ್ನು ಪೊಟ್ಟಣಕ್ಕೆ ಹಾಕುವುದನ್ನು, ವಿಳಾಸದ ಚೀಟಿ ಕಾಣುವಂತೆ, ಒಂದೇ ಓಟದ ವಿಡಿಯೊ ಮಾಡಿ ಇಟ್ಟುಕೊಳ್ಳುತ್ತೇನೆ. ಬೇರೆಯವರಿಗೂ ಇದನ್ನೇ ಹೇಳುತ್ತೇನೆ.

ಮಾರುವವರು ರಿಟರ್ನ್ ಇಲ್ಲ ಎಂದು ಬರೆದುಕೊಂಡರೆ ಸಾಕು ಎಂದು ನಂಬುವವರಿದ್ದಾರೆ. ಮೈಗೆ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬ ಕಾರಣಗಳಿಗೆ ಮಾತ್ರ ಆ ಸಾಲು ಅನ್ವಯಿಸುತ್ತದೆ. ವಿವರಣೆಗೆ ಹೊಂದುವುದಿಲ್ಲ ಎಂಬ ದೂರು ಬಂದರೆ ಈಬೇಯಂಥ ತಾಣಗಳಲ್ಲಿ ಆ ಸಾಲಿಗೆ ಬೆಲೆಯಿಲ್ಲ, ಹಿಂದಿರುಗಿಸುವ ಸಾಗಣೆ ವೆಚ್ಚವೂ ಮಾರುವವರ ಮೇಲೆಯೇ ಬೀಳುತ್ತದೆ.

ಈ ದುಡಿಮೆ ಬೇಡವೆನ್ನುವವರಿಗೆ ತ್ರೆಡ್‌ಅಪ್, ದಿ ರಿಯಲ್‌ರಿಯಲ್‌ನಂಥ ಸೇವೆಗಳಿವೆ. ಬಟ್ಟೆಗಳನ್ನು ಕಳಿಸಿಕೊಟ್ಟರೆ ಚಿತ್ರ, ಬೆಲೆ, ಮಾರಾಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಮೊದಲನೆಯದು ದಿನಬಳಕೆಯ ಬ್ರ್ಯಾಂಡುಗಳಿಗೆ, ಎರಡನೆಯದು ದುಬಾರಿ ವಿನ್ಯಾಸಕಾರರ ಉಡುಪುಗಳಿಗೆ ಹೆಸರಾಗಿದೆ. ಅಗ್ಗದ ಬಟ್ಟೆಗಳಲ್ಲಿ ಮಾರುವವರಿಗೆ ಸಿಗುವ ಪಾಲು ಬಹಳ ಸಣ್ಣದು, ದುಬಾರಿಯದರಲ್ಲಿ ಪಾಲು ಏರುತ್ತದೆ. ಬೆಲೆ ಕಟ್ಟುವ ಅಧಿಕಾರ ಕೈತಪ್ಪುವುದು ಒಪ್ಪಿಗೆಯಾದರೆ, ಕಪಾಟು ಖಾಲಿ ಮಾಡಬೇಕೆನ್ನುವವರಿಗೆ ಇವು ಸೂಕ್ತ. ಆದಾಯ ಬಯಸುವವರಿಗೆ ಸೂಕ್ತವಲ್ಲ.

ಯಾವ ಬಟ್ಟೆಯನ್ನು ಮಾರಲು ಹೊರಡುತ್ತೇವೆ ಎಂಬುದು ತಾಣದ ಆಯ್ಕೆಗಿಂತಲೂ ದೊಡ್ಡ ಪ್ರಶ್ನೆ. ಹೊಸದೇ ಅತಿ ಅಗ್ಗಕ್ಕೆ ಸಿಗುವ ಫಾಸ್ಟ್ ಫ್ಯಾಷನ್ ಉಡುಪನ್ನು ಬಳಸಿದ ಮೇಲೆ ಮಾರಲು ಹೊರಟರೆ, ಸಾಗಣೆ ವೆಚ್ಚವೇ ಬಟ್ಟೆಯ ಬೆಲೆಯನ್ನು ಮೀರುತ್ತದೆ. ಪ್ಯಾರಿಸಿನ ವೆಸ್ಟಿಯೇರ್ ಕಲೆಕ್ಟಿವ್ 2022ರಲ್ಲಿ ಇಂಥ ಕೆಲವು ಬ್ರ್ಯಾಂಡುಗಳನ್ನು ತನ್ನ ತಾಣದಿಂದ ನಿಷೇಧಿಸಿ, ಮರುವರ್ಷ ಆ ಪಟ್ಟಿಯನ್ನು ವಿಸ್ತರಿಸಿತು. ಪರಿಸರದ ಕಾಳಜಿ ಅದಕ್ಕೆ ಕೊಟ್ಟ ಕಾರಣ. ಆದರೆ ಮಾರುವವರ ಲೆಕ್ಕದಲ್ಲಿಯೂ ಆ ನಿರ್ಧಾರ ಸರಿಯೆಂದೇ ನನಗೆ ಅನಿಸುತ್ತದೆ. ಎರಡೇ ಒಗೆತಕ್ಕೆ ನೂಲಿನ ಗುಳ್ಳೆಗಳೆದ್ದು, ಹೊಲಿಗೆ ಓರೆಯಾಗುವ ಬಟ್ಟೆಗೆ ಎರಡನೆಯ ಬದುಕು ಕೊಡುವುದು ಯಾರ ಕೈಯಲ್ಲೂ ಆಗದ ಕೆಲಸ. ದಪ್ಪ ಡೆನಿಮ್, ಉಣ್ಣೆ, ಲಿನನ್, ಚರ್ಮದ ಜಾಕೆಟ್, ಚೆನ್ನಾಗಿ ಹೊಲಿದ ಕೋಟು, ಇವು ಬೇಡಿಕೆ ಉಳಿಸಿಕೊಳ್ಳುತ್ತವೆ. ಮಕ್ಕಳ ಬಟ್ಟೆಗಳನ್ನು ಒಂದೊಂದಾಗಿ ಮಾರುವ ಬದಲು ಒಂದೇ ಅಳತೆಯವನ್ನು ಗಂಟುಕಟ್ಟಿ ಮಾರಿದರೆ ಶ್ರಮವೂ ಸಾಗಣೆಯೂ ಉಳಿಯುತ್ತವೆ.

ತೆರಿಗೆಯ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜಾರಿಯಲ್ಲಿರುವ ನಿಯಮದಂತೆ, ವರ್ಷವೊಂದರಲ್ಲಿ 30 ಮಾರಾಟಗಳನ್ನು ಮುಟ್ಟುವ ಅಥವಾ 2,000 ಯೂರೊ ಮೊತ್ತವನ್ನು ಮೀರುವವರ ವಿವರವನ್ನು ತಾಣಗಳು ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಇದನ್ನು ಹೊಸ ತೆರಿಗೆಯೆಂದು ತಿಳಿದು ಮಾರುವುದನ್ನೇ ನಿಲ್ಲಿಸಿದವರಿದ್ದಾರೆ. ಇದು ಮಾಹಿತಿ ಸಲ್ಲಿಕೆ ಮಾತ್ರ. ತಾನು ತೊಟ್ಟ ಬಟ್ಟೆಯನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರುವವರಿಗೂ, ಮಾರಲೆಂದೇ ಕೊಂಡು ತರುವವರಿಗೂ ಲೆಕ್ಕ ಬೇರೆ ಬೇರೆ. ಎರಡನೆಯ ಗುಂಪಿನವರು ಕೊಂಡ ರಸೀದಿಗಳನ್ನು ಮೊದಲಿನಿಂದಲೇ ಜೋಪಾನ ಮಾಡಬೇಕು.

ಹೊಸದಾಗಿ ಆರಂಭಿಸುವವರು ಮಾರುವವರಿಂದ ಶುಲ್ಕ ಹಿಡಿಯದ ಒಂದು ತಾಣವನ್ನು ಆರಿಸಿಕೊಂಡು, ಮೊದಲು ಗಟ್ಟಿಮುಟ್ಟಾದ ಕೆಲವೇ ಬಟ್ಟೆಗಳನ್ನು ಪೂರ್ಣ ಅಳತೆಯೊಂದಿಗೆ ಹಾಕಿ ನೋಡಲಿ. ಹಲವು ತಾಣಗಳಲ್ಲಿ ಒಂದೇ ಬಟ್ಟೆಯನ್ನು ಹಾಕಿದರೆ ಬೇಗ ಮಾರಾಟವಾಗುವುದು ನಿಜ. ಆದರೆ ಒಂದು ಕಡೆ ಮಾರಿದ ಕೂಡಲೇ ಉಳಿದೆಡೆ ತೆಗೆಯದಿದ್ದರೆ, ಒಂದೇ ಬಟ್ಟೆಗೆ ಇಬ್ಬರು ಹಣ ಕಟ್ಟಿ, ಒಬ್ಬರ ಆರ್ಡರನ್ನು ರದ್ದು ಮಾಡಿದ ಗುರುತು ಮಾರುವವರ ಖಾತೆಯ ಮೇಲೆ ಉಳಿಯುತ್ತದೆ. ಆದ್ದರಿಂದ ಮಾರಾಟದ ಸೂಚನೆ ಬಂದಾಗ ಪೊಟ್ಟಣ ಕಟ್ಟುವುದಕ್ಕೂ ಮೊದಲು ಉಳಿದ ತಾಣಗಳಿಂದ ಆ ಬಟ್ಟೆಯನ್ನು ಇಳಿಸಿಬಿಡಬೇಕು.