ಮಕ್ಕಳ ಹಕ್ಕಿಗೆ ಅಂಕ ಕೊಡುವ ಪಟ್ಟಿ: ಕಾಸರಗೋಡಿನಿಂದ ಐದಕ್ಕೆ ಎರಡೂವರೆ

ಯಾವ ದೇಶ ತನ್ನ ಮಕ್ಕಳ ಹಕ್ಕುಗಳನ್ನು ಎಷ್ಟರಮಟ್ಟಿಗೆ ಕಾಪಾಡುತ್ತಿದೆ ಎಂದು ಪ್ರತಿ ವರ್ಷ ಅಂಕ ಕೊಡುವ ಪಟ್ಟಿಯೊಂದಿದೆ. ಕಿಡ್ಸ್‌ರೈಟ್ಸ್ ಇಂಡೆಕ್ಸ್ ಅಂತ ಹೆಸರು. ನೆದರ್ಲೆಂಡ್ಸಿನ ಕಿಡ್ಸ್‌ರೈಟ್ಸ್ ಫೌಂಡೇಶನ್, ರಾಟರ್‌ಡ್ಯಾಮಿನ ಎರಾಸ್ಮಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಇದನ್ನು ತರುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ನೋಡಬಹುದು. ಹೋಟೆಲು, ಮಿಕ್ಸಿಗೆಲ್ಲ ರಿವ್ಯೂ ಬರೆಯುವ ಹಾಗೆ ಇದಕ್ಕೂ ಒಂದು ಬರೆಯೋಣ ಅನ್ನಿಸಿತು. ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆ ಇದರಿಂದ ಏನು ಉಪಯೋಗ ಅನ್ನೋದಷ್ಟೇ ನನ್ನ ಪ್ರಶ್ನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಲೆಕ್ಕ ಹಾಕುವ ರೀತಿ ಚೆನ್ನಾಗಿದೆ. ಬದುಕು, ಆರೋಗ್ಯ, ಶಿಕ್ಷಣ, ರಕ್ಷಣೆ, ಇವು ನಾಲ್ಕು ವಿಭಾಗ. ಐದನೆಯದು, ಮಕ್ಕಳ ಹಕ್ಕಿಗೆ ಬೇಕಾದ ವಾತಾವರಣವನ್ನು ಸರ್ಕಾರ ಮಾಡಿಕೊಟ್ಟಿದೆಯಾ ಎಂಬುದು. ತಾರತಮ್ಯ ಇದೆಯಾ, ಮಕ್ಕಳ ಮಾತು ಕೇಳುತ್ತಾರಾ, ಬಜೆಟ್ಟಿನಲ್ಲಿ ದುಡ್ಡು ಇಟ್ಟಿದ್ದಾರಾ, ಅಂಕಿಅಂಶಗಳನ್ನು ಗುಂಪುಗುಂಪಾಗಿ ವಿಂಗಡಿಸಿ ಇಟ್ಟಿದ್ದಾರಾ, ಇದೆಲ್ಲ ಅಲ್ಲಿ ಬರುತ್ತದೆ. ಐದೂ ಅಂಕಗಳನ್ನು ಸುಮ್ನೆ ಕೂಡಿಸಿ ಭಾಗಿಸುವುದಿಲ್ಲ, ಗುಣಿಸಿ ಮೂಲ ತೆಗೆಯುತ್ತಾರೆ, ಹಾಗಾಗಿ ಒಂದರಲ್ಲಿ ತೀರಾ ಕಡಿಮೆ ಬಂದರೆ ಉಳಿದ ನಾಲ್ಕರಲ್ಲಿ ಎಷ್ಟೇ ಬಂದರೂ ಅದನ್ನು ಮುಚ್ಚಿಹಾಕಲಾಗುವುದಿಲ್ಲ. ಬ್ರಿಟನ್, ನ್ಯೂಜಿಲೆಂಡಿನಂಥ ದುಡ್ಡಿರುವ ದೇಶಗಳೂ ಕೆಲವು ವರ್ಷ 150ನೇ ಸ್ಥಾನದ ಆಚೆ ಬಿದ್ದದ್ದು ಇದೇ ಐದನೇ ವಿಭಾಗದಿಂದ. ಇದು ನನಗೆ ಇಷ್ಟವಾಯಿತು.

ಆದರೆ ಈ ಐದನೇ ವಿಭಾಗಕ್ಕೆ ಸರಕು ಬರುವುದು ಜಿನೀವಾದಿಂದ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ಭಾರತ ಸೇರಿದ್ದು 1992ರಲ್ಲಿ. ಸೇರಿದ ದೇಶಗಳು ಐದು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು, ಅಲ್ಲಿನ 18 ಮಂದಿಯ ಸಮಿತಿ ಅದನ್ನು ಓದಿ, ಪ್ರಶ್ನೆ ಕೇಳಿ, ಅಭಿಪ್ರಾಯ ಬರೆಯುತ್ತದೆ. ನಮ್ಮ ದೇಶದ ಮೂರನೇ ಮತ್ತು ನಾಲ್ಕನೇ ವರದಿಗಳನ್ನು ಒಟ್ಟಿಗೇ ನೋಡಿ ಸಮಿತಿ ಬರೆದದ್ದು 2014ರಲ್ಲಿ. ಆ ವರ್ಷ ಅಂಗನವಾಡಿಗೆ ಸೇರಿದ ಮಗು ಈಗ ಎಸೆಸೆಲ್ಸಿ ದಾಟುವ ಪ್ರಾಯಕ್ಕೆ ಬಂದಿದೆ. ಹೊಸ ಮೊಬೈಲ್ ಕೊಳ್ಳುವಾಗ ಅಷ್ಟು ಹಳೆಯ ರಿವ್ಯೂ ಯಾರಾದರೂ ಓದುತ್ತಾರಾ?

ಅದಕ್ಕಿಂತ ದೊಡ್ಡ ತೊಂದರೆ ಸರಾಸರಿ. ದೇಶಕ್ಕೆಲ್ಲ ಒಂದೇ ಅಂಕ. ಸರಿ, ನಮ್ಮದೇ ದೇಶದ ಪಟ್ಟಿಗಳನ್ನು ತೆಗೆದುಕೊಳ್ಳೋಣ. ನೀತಿ ಆಯೋಗ 2019ರಲ್ಲಿ ಶಾಲಾ ಶಿಕ್ಷಣದ ಗುಣಮಟ್ಟಕ್ಕೆ ಅಂಕ ಕೊಟ್ಟಾಗ ದೊಡ್ಡ ರಾಜ್ಯಗಳಲ್ಲಿ ಕೇರಳವೇ ಮೊದಲು, ಶೇಕಡಾ 76.6. ಸಂತೋಷ. ಸುಳ್ಳೇನೂ ಅಲ್ಲ, ಶಾಲೆಗಳ ಕಟ್ಟಡ, ಊಟ, ಪುಸ್ತಕ ಎಲ್ಲ ನಿಜಕ್ಕೂ ಚೆನ್ನಾಗಿದೆ. ಆದರೆ ಆ 76.6ರ ಒಳಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಎಲ್ಲಿದ್ದಾರೆ ಅಂತ ಹುಡುಕಿ ನೋಡಿ. ಸಿಗುವುದಿಲ್ಲ.

ನಮ್ಮ ಕಡೆಯ ಒಂದು ಶಾಲೆಯ ಹುಡುಗಿಯ ಲೆಕ್ಕದ ನೋಟ್ಸು ನೋಡಿದ್ದೆ. ಪಾಠಪುಸ್ತಕ ಕನ್ನಡದ್ದು, ಮಾಷ್ಟ್ರಿಗೆ ಬರುವುದು ಮಲಯಾಳಂ ಮಾತ್ರ. ಪುಟದ ತುಂಬ ಅಂಕಿಗಳು, ಮುದ್ದಾಗಿ, ಸಾಲಾಗಿ, ಬೋರ್ಡಿನಿಂದ ಇಳಿಸಿದ್ದು. ಮಾತಿನಲ್ಲಿ ಕೊಟ್ಟ ಸಮಸ್ಯೆಗಳ ಜಾಗ ಮಾತ್ರ ಖಾಲಿ. ಕ್ಲಾಸಿನಲ್ಲಿ ಕೇಳಲಿಲ್ವಾ ಅಂದರೆ, "ಕೇಳಿದರೆ ಅವರು ಪುನಃ ಮಲಯಾಳದಲ್ಲೇ ಹೇಳುದಲ್ವಾ" ಅಂದಳು. ಮಾಷ್ಟ್ರು ಪಾಪ ಒಳ್ಳೆಯವರೇ, ಲಿಸ್ಟಿನಲ್ಲಿ ಹೆಸರು ಬಂತು, ಹಾಕಿದ ಕಡೆ ಬಂದರು. ಇಂಥ ನೇಮಕಗಳ ವಿರುದ್ಧ ಜಿಲ್ಲೆಯಲ್ಲಿ ಪ್ರತಿಭಟನೆ ನಡೆದಿದೆ, ಕೋರ್ಟಿಗೂ ಹೋಗಿದೆ. ಕಾನೂನಿಗೇನೂ ಬರ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಬೇಕು ಅಂತ. ಒಡಂಬಡಿಕೆಯ 30ನೇ ವಿಧಿ ಅಲ್ಪಸಂಖ್ಯಾತ ಮಗುವಿಗೆ ತನ್ನ ಭಾಷೆ ಬಳಸುವ ಹಕ್ಕು ಇದೆ ಅನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಾತೃಭಾಷೆಯಲ್ಲೇ ಕಲಿಸಿ ಅನ್ನುತ್ತದೆ, ಆದರೆ "ಆದಷ್ಟು ಮಟ್ಟಿಗೆ" ಅಂತ ಒಂದು ಬಾಲ ಸೇರಿಸಿದೆ. ಆ ಬಾಲ ಹಿಡಿದುಕೊಂಡೇ ಎಲ್ಲರೂ ಪಾರಾಗುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯದ್ದು ಜಿಲ್ಲಾವಾರು ಶ್ರೇಣಿ ಪಟ್ಟಿಯೂ ಇದೆ. ಕಲಿಸುವವರಿಗೆ ಮಕ್ಕಳ ಮಾಧ್ಯಮದ ಭಾಷೆ ಬರುತ್ತದಾ ಎಂಬ ಕಲಮು ಅದರಲ್ಲಿ ನನಗೆ ಕಾಣಲಿಲ್ಲ.

ಆರೋಗ್ಯದ ಅಂಕದ್ದೂ ಇದೇ ಕಥೆ. ಕೇರಳದ ಶಿಶುಮರಣ ಪ್ರಮಾಣ ದೇಶದಲ್ಲೇ ತೀರಾ ಕಡಿಮೆ. ಅದೇ ಕೇರಳದ ಎಣ್ಮಕಜೆಯಲ್ಲಿ, ಮುಳಿಯಾರಿನಲ್ಲಿ, ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು ತಿರುಗಿ ನೋಡಿದರೆ, 3,704 ಮಂದಿಯ ಪೈಕಿ ದುಡ್ಡು ಸಿಕ್ಕಿದ್ದು 8 ಮಂದಿಗೆ, ಅದೂ ಕೋರ್ಟಿಗೆ ಅಲೆದವರಿಗೆ. ಹುಟ್ಟಿದಂದಿನಿಂದ ಹಾಸಿಗೆಯಲ್ಲೇ ಇದ್ದು, ಅಂಥ ಆದೇಶಗಳು ಬರುವ ಹೊತ್ತಿಗೆ ದೊಡ್ಡವರಾಗಿಹೋದವರು ಅವರಲ್ಲಿದ್ದಾರೆ. 18 ದಾಟಿದ ಮೇಲೆ ಮಕ್ಕಳ ಪಟ್ಟಿಯಲ್ಲಿ ಅವರು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಈ ಪಟ್ಟಿ ದಂಡವಾ? ಅಲ್ಲ. ಐದನೇ ವಿಭಾಗದಲ್ಲಿ ಅಂಕಿಅಂಶ ವಿಂಗಡಿಸಿದ್ದೀರಾ ಅಂತ ಕೇಳುತ್ತದಲ್ಲ, ಆ ಒಂದು ಪ್ರಶ್ನೆ ನಮಗೆ ಬಹಳ ಬೆಲೆಯದ್ದು. ಶಾಲೆಯವರು ಮಕ್ಕಳ ವಿವರ ತುಂಬುವಾಗ ಮಾತೃಭಾಷೆ ಬರೆದುಕೊಳ್ಳುತ್ತಾರೆ, ಶಾಲೆಯ ಮಾಧ್ಯಮವನ್ನೂ ಬರೆದುಕೊಳ್ಳುತ್ತಾರೆ. ಮಾಹಿತಿ ಇದೆ, ಅದನ್ನು ಯಾರೂ ಭಾಷಾವಾರು ಬಿಡಿಸಿ ಅಂಕವಾಗಿ ಮೇಲಕ್ಕೆ ಕಳಿಸುವುದಿಲ್ಲ. ಪಿಟಿಎ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳುವವರಿಗೆ ಈ ಪ್ರಶ್ನೆ ಒಳ್ಳೆಯ ಆಯುಧ. ರಾಜ್ಯ ಸರ್ಕಾರಗಳೂ ಸಂಘಸಂಸ್ಥೆಗಳೂ ರ‍್ಯಾಂಕು ಬಂದಾಗ ಫ್ಲೆಕ್ಸು ಹಾಕುವುದು ಬಿಟ್ಟು ಈ ಕಡೆ ನೋಡಿದರೆ ಎಷ್ಟೋ ಆದೀತು.

ಪಟ್ಟಿಗಿಂತ ನೇರವಾದ ದಾರಿ ಬೇಕೆಂದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. 2005ರ ಕಾಯಿದೆಯ ಪ್ರಕಾರ ರಾಷ್ಟ್ರೀಯ ಆಯೋಗವೂ ಇದೆ, ರಾಜ್ಯದ್ದೂ ಇದೆ, ಶಿಕ್ಷಣ ಹಕ್ಕಿನ ಮೇಲೆ ಕಣ್ಣಿಡುವುದು ಇವುಗಳ ಕೆಲಸ. ರಾಷ್ಟ್ರೀಯ ಆಯೋಗಕ್ಕೆ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ದೂರು ಬರೆಯಬಹುದು, ಅಂದರೆ ಕನ್ನಡದಲ್ಲೂ. ಶುಲ್ಕ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಬಾರದು, ಮಲಯಾಳಂ ಬರೆಯಲು ಬಾರದು ಅಂತಲೇ ಸುಮ್ಮನಿರುತ್ತಾರೆ. ಬರೆಯುವಾಗ ಭಾಷಣ ಬೇಡ. ಯಾವ ತರಗತಿ, ಯಾವ ವಿಷಯ, ಯಾವ ತಾರೀಕಿನಿಂದ, ಎಷ್ಟು ಮಕ್ಕಳಿಗೆ ತೊಂದರೆ, ಇಷ್ಟು ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಮಗುವಿಗೆ ಹೊಡೆತ, ದೌರ್ಜನ್ಯದಂಥ ತುರ್ತು ಇದ್ದರೆ ಪತ್ರಕ್ಕೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಲೆಕ್ಕದ ರೀತಿಗೆ ಎರಡು, ಆ ಒಂದು ಪ್ರಶ್ನೆಗೆ ಅರ್ಧ, ಹೀಗೆ ಎರಡೂವರೆ ಕೊಟ್ಟಿದ್ದೇನೆ. ಜಿಲ್ಲೆಗೊಂದು, ಭಾಷೆಗೊಂದು ಪುಟ ತಂದ ವರ್ಷ ಮತ್ತೆ ನೋಡೋಣ.