ಡಸ್ಟಿ ಬೇಕರ್ ಅವರ ವಾಷಿಂಗ್ಟನ್ ಸೇವೆ: ನವೀಕರಿಸಬೇಕಿದ್ದ ಒಪ್ಪಂದ

2017ರ ಅಕ್ಟೋಬರ್ 20ರಂದು ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡದ ಆಡಳಿತವು ಮ್ಯಾನೇಜರ್ ಡಸ್ಟಿ ಬೇಕರ್ ಅವರ ಒಪ್ಪಂದವನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಆಗ ಅವರಿಗೆ 68 ವರ್ಷ. ಅವರ ಕೈಕೆಳಗೆ ತಂಡವು 2016ರಲ್ಲಿ 95 ಹಾಗೂ 2017ರಲ್ಲಿ 97 ಪಂದ್ಯಗಳನ್ನು ಗೆದ್ದು ಎರಡೂ ವರ್ಷ ತನ್ನ ವಿಭಾಗದ ಅಗ್ರಸ್ಥಾನ ಪಡೆದಿತ್ತು. ಎರಡೂ ವರ್ಷ ಪ್ಲೇಆಫ್‌ನ ಐದು ಪಂದ್ಯಗಳ ಡಿವಿಷನ್ ಸರಣಿಯಲ್ಲಿ, ಕೊನೆಯ ಪಂದ್ಯದಲ್ಲಿ, ಕೇವಲ ಒಂದು ರನ್ ಅಂತರದಿಂದ ಸೋತಿತ್ತು. ಈ ವಿಮರ್ಶೆ ಆ ಎರಡು ವರ್ಷಗಳ ಸೇವೆಯನ್ನು ಕುರಿತದ್ದು. ನನ್ನ ತೀರ್ಪನ್ನು ಮೊದಲೇ ಹೇಳುತ್ತೇನೆ: ಬೇಕರ್ ಅವರನ್ನು ಉಳಿಸಿಕೊಳ್ಳಬೇಕಾಗಿತ್ತು. ಹಾಗೆಂದು ಅವರ ಸೇವೆಯಲ್ಲಿ ಕುಂದುಗಳೇ ಇರಲಿಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿವರಣೆ ಅಗತ್ಯ. ಬೇಸ್‌ಬಾಲ್‌ನಲ್ಲಿ ಮೈದಾನದ ತೀರ್ಮಾನಗಳನ್ನು ಆಟಗಾರರ ನಡುವಿನ ನಾಯಕನಲ್ಲ, ಡಗೌಟ್‌ನಲ್ಲಿ ಕುಳಿತ ಮ್ಯಾನೇಜರ್ ಕೈಗೊಳ್ಳುತ್ತಾರೆ. ಯಾರು ಯಾವ ಕ್ರಮಾಂಕದಲ್ಲಿ ಬ್ಯಾಟ್ ಹಿಡಿಯಬೇಕು, ದಣಿದ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಯಾವ ಗಳಿಗೆಯಲ್ಲಿ ಹಿಂದಕ್ಕೆ ಕರೆಯಬೇಕು, ಅವನ ಬದಲಿಗೆ ಬುಲ್‌ಪೆನ್‌ನಿಂದ (ಬದಲಿ ಪಿಚರ್‌ಗಳ ಗುಂಪಿನಿಂದ) ಯಾರನ್ನು ಕಳುಹಿಸಬೇಕು ಎಂಬುದೆಲ್ಲ ಅವರದೇ ಹೊಣೆ. ಆದರೆ ಆಟಗಾರರನ್ನು ಕೊಳ್ಳುವುದು, ಮಾರುವುದು, ಮ್ಯಾನೇಜರ್‌ನನ್ನೇ ನೇಮಿಸುವುದು ಮತ್ತು ತೆಗೆಯುವುದು ಜನರಲ್ ಮ್ಯಾನೇಜರ್ ಮತ್ತು ಮಾಲೀಕರ ಅಧಿಕಾರ. ಋತುವೊಂದಕ್ಕೆ 162 ಪಂದ್ಯಗಳು, ಪಂದ್ಯವೊಂದರಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಇನ್ನಿಂಗ್ಸ್, ಮೂವರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಆಟ. ಹೀಗಾಗಿ ಮ್ಯಾನೇಜರ್‌ನ ದುಡಿಮೆಯ ಬಹುಪಾಲು ಟಿವಿಯಲ್ಲಿ ಕಾಣುವುದೇ ಇಲ್ಲ. ಇಪ್ಪತ್ತೈದು ಜನ (2020ರಿಂದ ಇಪ್ಪತ್ತಾರು) ಸಿರಿವಂತ ಯುವಕರನ್ನು ಆರು ತಿಂಗಳ ಕಾಲ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಬಾಳಿಸುವುದು ಆ ಕೆಲಸದ ಅತ್ಯಂತ ಕಠಿಣ ಭಾಗ.

ಆ ಕಠಿಣ ಭಾಗಕ್ಕಾಗಿಯೇ ಬೇಕರ್ ಅವರನ್ನು ಕರೆತಂದದ್ದು. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ಸ್ ಪಿಚರ್ ಜೊನಾಥನ್ ಪ್ಯಾಪಲ್‌ಬಾನ್ ತಮ್ಮದೇ ತಂಡದ ತಾರೆ ಬ್ರೈಸ್ ಹಾರ್ಪರ್ ಅವರ ಕುತ್ತಿಗೆಗೆ ಡಗೌಟ್‌ನಲ್ಲಿ ಎಲ್ಲರೆದುರೇ ಕೈಹಾಕಿದ್ದರು. ಪ್ರಶಸ್ತಿಯ ನಿರೀಕ್ಷೆ ಹೊತ್ತಿದ್ದ ತಂಡ 83 ಗೆಲುವಿಗೆ ನಿಂತುಹೋಗಿ, ಮ್ಯಾನೇಜರ್ ಮ್ಯಾಟ್ ವಿಲಿಯಮ್ಸ್ ಕೆಲಸ ಕಳೆದುಕೊಂಡರು. ಬೇಕರ್ ಆಡಳಿತದ ಮೊದಲ ಆಯ್ಕೆಯೂ ಆಗಿರಲಿಲ್ಲ. ಬಡ್ ಬ್ಲ್ಯಾಕ್ ಅವರೊಂದಿಗಿನ ಮಾತುಕತೆ ಒಪ್ಪಂದದ ಮೊತ್ತ ಮತ್ತು ಅವಧಿಯ ವಿಷಯದಲ್ಲಿ ಮುರಿದುಬಿದ್ದ ಮೇಲೆ, ಎರಡೇ ವರ್ಷಗಳ ಒಪ್ಪಂದಕ್ಕೆ ಬೇಕರ್ ಸಹಿ ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ ಮತ್ತು ಸಿನ್ಸಿನಾಟಿಯಲ್ಲಿ ಇಪ್ಪತ್ತು ಋತುಗಳ ಅನುಭವವಿದ್ದವರಿಗೆ ಅದು ಗೌರವದ ಷರತ್ತಾಗಿರಲಿಲ್ಲ. ಆದರೂ ಬಂದರು, ಬಾಯಿಯಲ್ಲಿ ಹಲ್ಲುಕಡ್ಡಿ, ಎರಡೂ ಕೈಗಳಿಗೆ ದಪ್ಪ ರಿಸ್ಟ್‌ಬ್ಯಾಂಡ್ ತೊಟ್ಟು. ಬೇಸ್‌ಬಾಲ್ ದಂತಕಥೆ ಹ್ಯಾಂಕ್ ಆರನ್ 1974ರ ಏಪ್ರಿಲ್ 8ರಂದು ಬೇಬ್ ರೂತ್ ಅವರ ದಾಖಲೆ ಮುರಿದ 715ನೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದಾಗ ಮುಂದಿನ ಬ್ಯಾಟರ್ ಆಗಿ ತನ್ನ ಸರದಿಗೆ ಕಾಯುತ್ತ ನಿಂತಿದ್ದವರು ಇದೇ ಬೇಕರ್. ಅಷ್ಟು ಬಾಳಿ ಬಂದವರ ಮಾತಿಗೆ ಆಟಗಾರರ ಕೋಣೆಯಲ್ಲಿ ಬೇರೆಯೇ ತೂಕವಿರುತ್ತದೆ.

ಒಂದೇ ವರ್ಷದಲ್ಲಿ ಗೆಲುವುಗಳ ಸಂಖ್ಯೆ 83ರಿಂದ 95ಕ್ಕೆ ಏರಿತು. ಡೇನಿಯಲ್ ಮರ್ಫಿ ತಂಡಕ್ಕೆ ಬಂದು .347 ಎಂಬ ಅತ್ಯುತ್ತಮ ಸರಾಸರಿಯಲ್ಲಿ ಬ್ಯಾಟ್ ಬೀಸಿದ್ದು ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಎರಡನೇ ವರ್ಷದ 97 ಗೆಲುವುಗಳನ್ನು ಆಟಗಾರರ ಪ್ರತಿಭೆಯ ಲೆಕ್ಕಕ್ಕೆ ಮಾತ್ರ ಬರೆದುಬಿಡಲು ಸಾಧ್ಯವಿಲ್ಲ. ಏಪ್ರಿಲ್ ಮುಗಿಯುವ ಮೊದಲೇ ಆಡಂ ಈಟನ್ ಮೊದಲ ಬೇಸ್ ತಲುಪುವಾಗ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಇಡೀ ಋತುವಿನಿಂದ ಹೊರಬಿದ್ದರು. ಜೂನ್ ಕೊನೆಯಲ್ಲಿ ಟ್ರೇ ಟರ್ನರ್ ಅವರ ಮಣಿಕಟ್ಟು ಚೆಂಡು ಬಡಿದು ಮುರಿಯಿತು. ಆಗಸ್ಟ್‌ನಲ್ಲಿ ಮಳೆ ನೆನೆಸಿದ ಬೇಸ್ ಮೇಲೆ ಹಾರ್ಪರ್ ಜಾರಿ ಮೊಣಕಾಲು ನೋಯಿಸಿಕೊಂಡು ಋತುವಿನ ಕೊನೆಯ ವಾರದವರೆಗೂ ಹೊರಗುಳಿದರು. ಇವೆಲ್ಲಕ್ಕಿಂತ ಮುಖ್ಯವಾಗಿ, ಋತುವಿನ ಮೊದಲಾರ್ಧದಲ್ಲಿ ನ್ಯಾಷನಲ್ಸ್‌ಗೆ ನಂಬಬಹುದಾದ ಬುಲ್‌ಪೆನ್ ಇರಲೇ ಇಲ್ಲ. ಶಾನ್ ಡೂಲಿಟಲ್, ರಾಯನ್ ಮ್ಯಾಡ್ಸನ್ ಮತ್ತು ಬ್ರ್ಯಾಂಡನ್ ಕಿಂಟ್ಸ್‌ಲರ್ ತಂಡ ಸೇರಿದ್ದು ಜುಲೈನಲ್ಲಿ. ಗೆದ್ದೆವೆಂದುಕೊಂಡ ಪಂದ್ಯಗಳು ಕೊನೆಯ ಇನ್ನಿಂಗ್ಸ್‌ಗಳಲ್ಲಿ ಕೈತಪ್ಪುತ್ತಿದ್ದ ಆ ತಿಂಗಳುಗಳಲ್ಲಿ ಒಂದು ತಂಡ ಒಳಗಿಂದೊಳಗೇ ಒಡೆದುಹೋಗುವುದು ಸುಲಭ. ಈ ತಂಡ ಒಡೆಯಲಿಲ್ಲ. ಎರಡನೇ ಸ್ಥಾನದ ಮಯಾಮಿಗಿಂತ 20 ಪಂದ್ಯಗಳಷ್ಟು ಮುಂದಿದ್ದು ವಿಭಾಗವನ್ನು ಗೆದ್ದಿತು. ಹಣ ಕೊಟ್ಟು ಟಿಕೆಟ್ ಕೊಂಡ ಪ್ರೇಕ್ಷಕನಿಗೆ ಮ್ಯಾನೇಜರ್ ಒದಗಿಸಬಹುದಾದ ಸೇವೆಯಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ನನಗೆ ತಿಳಿದಿಲ್ಲ.

ಇನ್ನು ಅಕ್ಟೋಬರ್. ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಶಿಕಾಗೊ ಕಬ್ಸ್ ಎದುರಾಳಿ. ಸರಣಿ 1–1 ಇದ್ದಾಗ, ರಿಗ್ಲಿ ಫೀಲ್ಡ್‌ನಲ್ಲಿ ನಡೆದ ಮೂರನೇ ಪಂದ್ಯದ ಏಳನೇ ಇನ್ನಿಂಗ್ಸ್‌ನವರೆಗೂ ನ್ಯಾಷನಲ್ಸ್ ಪಿಚರ್ ಮ್ಯಾಕ್ಸ್ ಶರ್ಝರ್ ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವ ಅವಕಾಶ) ಬಿಟ್ಟುಕೊಟ್ಟಿರಲಿಲ್ಲ. ನ್ಯಾಷನಲ್ಸ್ 1–0 ಮುನ್ನಡೆಯಲ್ಲಿತ್ತು. ಒಬ್ಬ ಔಟಾದ ಮೇಲೆ ಕಬ್ಸ್‌ನ ಬೆನ್ ಝೋಬ್ರಿಸ್ಟ್ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದರು. ಶರ್ಝರ್ 98 ಪಿಚ್ ಎಸೆದಿದ್ದರು, ತೊಡೆಯ ಹಿಂಭಾಗದ ನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದರು, ಮುಂದಿನ ಬ್ಯಾಟರ್ ಎಡಗೈಯವನು, ಅಂಥವನಿಗೆ ಎಡಗೈ ಪಿಚರ್‌ನನ್ನು ಎದುರಿಸುವುದು ಸಾಮಾನ್ಯವಾಗಿ ಕಷ್ಟ. ಬೇಕರ್, ಶರ್ಝರ್ ಅವರನ್ನು ಹಿಂದಕ್ಕೆ ಕರೆದು ಎಡಗೈ ಪಿಚರ್ ಸ್ಯಾಮಿ ಸೊಲಿಸ್ ಅವರನ್ನು ಕಳುಹಿಸಿದರು. ಕಬ್ಸ್ ಕೂಡಲೇ ಬಲಗೈ ಬ್ಯಾಟರ್ ಆಲ್ಬರ್ಟ್ ಅಲ್ಮೋರಾ ಅವರನ್ನು ಇಳಿಸಿ ಸಮಬಲ ಸಾಧಿಸಿತು, ಮುಂದಿನ ಇನ್ನಿಂಗ್ಸ್‌ನಲ್ಲಿ ಗೆದ್ದುಕೊಂಡಿತು. ಕಾರಣಗಳು ಎಷ್ಟೇ ಇರಲಿ, ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಸಂಜೆ ಆ ಮೈದಾನದಲ್ಲಿ ಶರ್ಝರ್‌ಗಿಂತ ಉತ್ತಮ ಪಿಚರ್ ಮತ್ತೊಬ್ಬನಿರಲಿಲ್ಲ, ದಣಿದ ಶರ್ಝರ್‌ಗಿಂತಲೂ. ನಾಲ್ಕನೇ ಪಂದ್ಯಕ್ಕೆ ಮೊದಲು ಇನ್ನೊಬ್ಬ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರ ಅನಾರೋಗ್ಯ ಮತ್ತು ಅಭ್ಯಾಸದ ಕುರಿತು ಬೇಕರ್ ಪತ್ರಕರ್ತರಿಗೆ ಕೊಟ್ಟ ಗೊಂದಲದ ವಿವರಣೆಯೂ ಅವರಿಗೆ ಶೋಭೆ ತರಲಿಲ್ಲ. ಮರುದಿನ ಅದೇ ಸ್ಟ್ರಾಸ್‌ಬರ್ಗ್ ಏಳು ಇನ್ನಿಂಗ್ಸ್‌ಗಳಲ್ಲಿ 12 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ ತಂಡವನ್ನು ಉಳಿಸಿದರು.

ಐದನೇ ಪಂದ್ಯದ ಐದನೇ ಇನ್ನಿಂಗ್ಸ್ ಮಾತ್ರ ಬೇರೆ ರೀತಿಯದು. 4–3 ಮುನ್ನಡೆಯನ್ನು ಕಾಯಲು ಬೇಕರ್ ತಮ್ಮ ಬಳಿಯಿದ್ದ ಅತ್ಯುತ್ತಮ ಅಸ್ತ್ರವನ್ನೇ, ಶರ್ಝರ್ ಅವರನ್ನೇ, ಇಳಿಸಿದರು. ಮೊದಲ ಇಬ್ಬರು ಔಟಾದರು. ಆಮೇಲೆ ಎರಡು ಸಿಂಗಲ್, ಎರಡು ರನ್ ತಂದ ಆ್ಯಡಿಸನ್ ರಸೆಲ್ ಅವರ ಡಬಲ್, ಉದ್ದೇಶಪೂರ್ವಕವಾಗಿ ಕೊಟ್ಟ ಒಂದು ವಾಕ್ (ಹೊಡೆಯದೆಯೇ ಸಿಗುವ ಮೊದಲ ಬೇಸ್). ಮೂರನೇ ಸ್ಟ್ರೈಕ್‌ಗೆ ಹಾವಿಯೆರ್ ಬಾಯೆಝ್ ಬ್ಯಾಟ್ ಬೀಸಿದರು, ಚೆಂಡು ತಾಕಲಿಲ್ಲ. ಬ್ಯಾಟರ್‌ನ ಹಿಂದೆ ವಿಕೆಟ್ ಕೀಪರ್‌ನಂತೆ ಕೂರುವ ಕ್ಯಾಚರ್ ಆ ಚೆಂಡನ್ನು ಹಿಡಿದಿದ್ದರೆ ಇನ್ನಿಂಗ್ಸ್ ಅಲ್ಲಿಗೆ ಮುಗಿಯಬೇಕು. ಆದರೆ ಚೆಂಡು ಕ್ಯಾಚರ್ ಮ್ಯಾಟ್ ವೀಟರ್ಸ್ ಅವರ ಕಾಲ ನಡುವೆ ನುಸುಳಿತು, ಬೆನ್ನಟ್ಟಿ ಹೆಕ್ಕಿ ಎಸೆದರೆ ಅದು ಮೊದಲ ಬೇಸ್ ದಾಟಿ ಹೋಯಿತು, ಒಂದು ರನ್ ಬಂತು. ಮುಂದಿನ ಬ್ಯಾಟರ್‌ನ ಬ್ಯಾಟು ಕ್ಯಾಚರ್‌ನ ಕೈಗವಸಿಗೆ ತಗುಲಿ ಅವನಿಗೆ ಬೇಸ್ ಸಿಕ್ಕಿತು. ಅವನ ನಂತರದವನಿಗೆ ಚೆಂಡು ಬಡಿದು ಇನ್ನೊಂದು ರನ್. ಶಿಕಾಗೊ 7–4. ಪಂದ್ಯ 9–8ಕ್ಕೆ ಮುಗಿಯಿತು. ಇಷ್ಟೆಲ್ಲ ವಿಚಿತ್ರಗಳು ಒಂದರ ಹಿಂದೊಂದರಂತೆ ಘಟಿಸಿದ ಇನ್ನಿಂಗ್ಸ್‌ನ ಸೋಲನ್ನು ಡಗೌಟ್‌ನಲ್ಲಿ ನಿಂತವರ ಖಾತೆಗೆ ಹಾಕುವುದು ಯಾವ ನ್ಯಾಯ?

ಬೇಕರ್ ಅವರ ಟೀಕಾಕಾರರು ಹಳೆಯ ಲೆಕ್ಕವನ್ನು ತೆಗೆಯುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. 2002ರ ವಿಶ್ವ ಸರಣಿಯಲ್ಲಿ (ಋತುವಿನ ಅಂತಿಮ ಪ್ರಶಸ್ತಿ ಸರಣಿ) 3–2, 2003ರಲ್ಲಿ ಕಬ್ಸ್‌ನೊಂದಿಗೆ 3–1, 2012ರಲ್ಲಿ ಸಿನ್ಸಿನಾಟಿಯೊಂದಿಗೆ 2–0, 2016ರಲ್ಲಿ ಇದೇ ವಾಷಿಂಗ್ಟನ್‌ನೊಂದಿಗೆ 2–1 ಮುಂದಿದ್ದೂ ಅವರ ತಂಡಗಳು ಸರಣಿ ಸೋತಿದ್ದವು. ಇಷ್ಟು ಸಲ ಆದದ್ದನ್ನು ಬರೀ ದುರದೃಷ್ಟವೆನ್ನಲು ನನಗೂ ಮನಸ್ಸು ಬಾರದು. ಪಿಚರ್‌ಗಳ ಬಳಕೆಯಲ್ಲಿ ಅವರ ಅಂದಾಜು ಕೆಲವೊಮ್ಮೆ ತಪ್ಪುತ್ತಿತ್ತು. ಆದರೆ ಈ ಪಟ್ಟಿಯೆಲ್ಲ, ಕೊನೆಯ ಸಾಲೊಂದನ್ನು ಬಿಟ್ಟರೆ, 2015ರಲ್ಲಿ ಅವರನ್ನು ನೇಮಿಸುವಾಗಲೇ ಆಡಳಿತದ ಕಣ್ಣೆದುರಿಗಿತ್ತು. ಅದು ಅಡ್ಡಿಯಾಗಿದ್ದರೆ ನೇಮಿಸಬಾರದಿತ್ತು.

ಜನರಲ್ ಮ್ಯಾನೇಜರ್ ಮೈಕ್ ರಿಝೊ ಕೊಟ್ಟ ಕಾರಣ ನೇರವಾಗಿತ್ತು: ಋತುವಿನ ಗೆಲುವುಗಳಷ್ಟೇ ಸಾಲದು, ತಮ್ಮ ಗುರಿ ವಿಶ್ವ ಸರಣಿ. ಬೇಕರ್ ಅವರ ಸ್ಥಾನಕ್ಕೆ ಹಿಂದೆಂದೂ ಪ್ರಮುಖ ಲೀಗ್ ತಂಡವನ್ನು ನಡೆಸಿರದ ಡೇವ್ ಮಾರ್ಟಿನೆಝ್ ಬಂದರು, ಮೂರು ವರ್ಷಗಳ ಒಪ್ಪಂದದೊಂದಿಗೆ. 2018ರಲ್ಲಿ ತಂಡ 82 ಗೆದ್ದು 80 ಸೋತು ಪ್ಲೇಆಫ್ ಕಾಣಲೇ ಇಲ್ಲ. 2019ರ ಮೇ ತಿಂಗಳಲ್ಲಿ 19 ಗೆಲುವು, 31 ಸೋಲು ಎಂಬ ಸ್ಥಿತಿಗೆ ಬಂದಾಗ ಮಾರ್ಟಿನೆಝ್ ಅವರನ್ನು ತೆಗೆಯಿರೆಂಬ ಕೂಗು ಎದ್ದಿತು. ಆಡಳಿತ ತೆಗೆಯಲಿಲ್ಲ, ಅದೇ ಅಕ್ಟೋಬರ್‌ನಲ್ಲಿ ನ್ಯಾಷನಲ್ಸ್ ತನ್ನ ಮೊದಲ ವಿಶ್ವ ಸರಣಿಯನ್ನು ಗೆದ್ದುಕೊಂಡಿತು. ಈ ಗೆಲುವು ಬೇಕರ್ ಅವರನ್ನು ಬಿಟ್ಟದ್ದನ್ನು ಸಮರ್ಥಿಸುತ್ತದೆ ಎನ್ನುವವರಿದ್ದಾರೆ. ನನಗೆ ಕಾಣುವುದು ಅದರ ವಿರುದ್ಧವೇ: ಸೋಲುತ್ತಿದ್ದ ಹೊಸಬರಿಗೆ ತೋರಿದ ತಾಳ್ಮೆಯ ಕಾಲುಭಾಗವನ್ನು 192 ಪಂದ್ಯ ಗೆದ್ದುಕೊಟ್ಟ ಹಿರಿಯರಿಗೆ ತೋರಲಿಲ್ಲ.

ಬೇಕರ್ ಎರಡು ಋತು ಯಾವ ತಂಡಕ್ಕೂ ಮ್ಯಾನೇಜರ್ ಆಗಿರಲಿಲ್ಲ. ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ತೋರುವ ಸಂಕೇತಗಳನ್ನು ಕದ್ದ ಹಗರಣದಲ್ಲಿ ಮ್ಯಾನೇಜರ್‌ನನ್ನು ಕಳೆದುಕೊಂಡ ಹ್ಯೂಸ್ಟನ್ ಆ್ಯಸ್ಟ್ರೋಸ್ 2020ರ ಜನವರಿಯಲ್ಲಿ ಅವರನ್ನು ಕರೆಯಿತು. ಇಲ್ಲಿಯೂ ಕೆಲಸ ಅದೇ, ಹೆಸರು ಕೆಟ್ಟ ತಂಡವೊಂದನ್ನು ಮತ್ತೆ ನಿಲ್ಲಿಸುವುದು. 2022ರಲ್ಲಿ ಫಿಲಡೆಲ್ಫಿಯಾವನ್ನು 4–2ರಿಂದ ಸೋಲಿಸಿ, ತಮ್ಮ 73ನೇ ವಯಸ್ಸಿನಲ್ಲಿ, ವಿಶ್ವ ಸರಣಿ ಗೆದ್ದ ಅತ್ಯಂತ ಹಿರಿಯ ಮ್ಯಾನೇಜರ್ ಆದರು. ಅದಕ್ಕೂ ಮೊದಲು ಆ ದಾಖಲೆಯಿದ್ದದ್ದು 2003ರಲ್ಲಿ ಇದೇ ಬೇಕರ್ ಅವರ ಕಬ್ಸ್ ತಂಡವನ್ನು ಸೋಲಿಸಿ ಮುಂದೆ ಹೋದ ಜ್ಯಾಕ್ ಮಕಿಯನ್ ಹೆಸರಿನಲ್ಲಿ. ಪ್ರಶಸ್ತಿ ತಂದುಕೊಟ್ಟ ಮೇಲೂ ಹ್ಯೂಸ್ಟನ್ ಅವರಿಗೆ ಕೊಟ್ಟದ್ದು ಒಂದೇ ವರ್ಷದ ಒಪ್ಪಂದ. ಆ ವರ್ಷ ತಂಡವನ್ನು ಅಮೆರಿಕನ್ ಲೀಗ್ ಅಂತಿಮ ಸರಣಿಯ ಏಳನೇ ಪಂದ್ಯದವರೆಗೆ ಕೊಂಡೊಯ್ದು, 2,183 ಗೆಲುವುಗಳೊಂದಿಗೆ, ಈ ಸಲ ತಾವಾಗಿಯೇ ನಿವೃತ್ತರಾದರು.