ಕಲಾ ಚಿಕಿತ್ಸಾ ಕೇಂದ್ರದಲ್ಲಿ ಅಮ್ಮನ ಹನ್ನೆರಡು ವಾರ

ಅಮ್ಮನಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಗಿ ಐದು ತಿಂಗಳಾಗಿತ್ತು. ಮೂವತ್ತೊಂದು ವರ್ಷ ತಿಪಟೂರಿನ ಕಡೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದ ಅವರಿಗೆ ನಾವು ಆಡಿದ್ದೆಲ್ಲ ಅರ್ಥವಾಗುತ್ತಿತ್ತು. ತಾವು ಬಾಯಿ ತೆರೆದರೆ ಮಾತ್ರ ‘ಅದೇ, ಅದೇ’ ಎಂಬುದಷ್ಟೇ ಹೊರಡುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯಿಂದ ಆರತಿ ಹಾಡು ಕೇಳಿಬಂದಾಗ ಅವರು ಅದರ ಎರಡು ಸಾಲುಗಳನ್ನು ಅಕ್ಷರ ತಪ್ಪದೆ ಹಾಡಿಬಿಟ್ಟರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ನಮ್ಮ ವಾಕ್ ಚಿಕಿತ್ಸಕಿಗೆ ಈ ಸಂಗತಿ ತಿಳಿಸಿದಾಗ, ತಮ್ಮ ಚಿಕಿತ್ಸೆಯನ್ನು ನಿಲ್ಲಿಸದೆ ಅದರ ಜೊತೆಗೇ ಸಂಗೀತ ಚಿಕಿತ್ಸೆಯನ್ನೂ ಕೊಡಿಸಿ ನೋಡಿ ಎಂದರು. ಹಾಗೆ ನಾವು ಹೋದದ್ದು ದಕ್ಷಿಣ ಬೆಂಗಳೂರಿನ ಒಂದು ಕಲಾ ಚಿಕಿತ್ಸಾ ಕೇಂದ್ರಕ್ಕೆ. ಅದರ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಲಿರುವ ಕೊರತೆಗಳು ಆ ಒಂದೇ ಜಾಗದವು ಎಂದು ಓದುಗರು ತಿಳಿಯುವುದು ಬೇಡ.

ಏರ್ಪಾಟು ಹೀಗಿತ್ತು: ಮಂಗಳವಾರ ಅಮ್ಮನೊಬ್ಬರಿಗೇ 45 ನಿಮಿಷಗಳ ಸಂಗೀತ ಚಿಕಿತ್ಸೆ, ಶುಕ್ರವಾರ ಆರೇಳು ಮಂದಿಯ ಗುಂಪಿನಲ್ಲಿ ಒಂದೂವರೆ ಗಂಟೆ ಬಣ್ಣ ಮತ್ತು ಜೇಡಿಮಣ್ಣಿನ ಕೆಲಸ. ಸೆಷನ್ನಿಗೆ 1,200 ರೂಪಾಯಿಯಂತೆ ಹನ್ನೆರಡು ವಾರಕ್ಕೆ 28,800 ರೂಪಾಯಿ; ಅರ್ಧ ಹಣ ಮುಂಗಡ.

ಮೊದಲ ಎರಡು ವಾರ ಬಹುಮಟ್ಟಿಗೆ ದಂಡವಾಯಿತು. ತುಂಬಿಸಿಕೊಂಡ ಆರು ಪುಟಗಳ ಅರ್ಜಿ ಇಂಗ್ಲಿಷಿನಲ್ಲಿತ್ತು. ರೋಗಿಯ ರಕ್ತದ ಗುಂಪನ್ನೂ ಕೇಳಿದ್ದ ಆ ಅರ್ಜಿಯಲ್ಲಿ ಅವರು ಯಾವ ಭಾಷೆಯಲ್ಲಿ ಬಾಳಿದವರು, ಯಾವ ಹಾಡು ಕೇಳಿ ಬೆಳೆದವರು ಎಂಬ ಪ್ರಶ್ನೆ ಇರಲಿಲ್ಲ. ತರುಣ ಚಿಕಿತ್ಸಕರೊಬ್ಬರು ಗಿಟಾರ್ ಹಿಡಿದು ಹಳೆಯ ಹಿಂದಿ ಚಿತ್ರಗೀತೆಗಳನ್ನು ಹಾಡಿದರು. ಹಿಂದೆ ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಕೂರುತ್ತಿದ್ದ ಹಾಗೆ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಮರ್ಯಾದೆಯಿಂದ, ಏನೂ ಮಾಡದೆ ಕೂತಿದ್ದರು. ನಾನು ಆಕ್ಷೇಪಿಸಿದ ಮೇಲೆ ಮೂರನೆಯ ವಾರದಿಂದ ಕನ್ನಡ ಬಲ್ಲ ಹಿರಿಯ ಚಿಕಿತ್ಸಕಿಯೊಬ್ಬರು ಬಂದರು. ಅವರು ಅಮ್ಮನನ್ನು ‘ಟೀಚರ್’ ಎಂದು ಕರೆದರು. ಆಮೇಲೆ ವಾದ್ಯವನ್ನೇನೂ ಮುಟ್ಟದೆ ಮೇಜಿನ ಮೇಲೆ ತಟ್ಟುತ್ತ ‘ಎರಡೊಂದ್ಲ ಎರಡು’ ಎಂದು ಮಗ್ಗಿ ಶುರು ಮಾಡಿದರು. ‘ಎರಡೆರಡ್ಲ ನಾಲ್ಕು’ ಎಂದು ಅಮ್ಮನ ಬಾಯಿಂದ ತಾನಾಗಿ ಬಂತು. ಇಪ್ಪತ್ತರವರೆಗೂ ಎಲ್ಲಿಯೂ ತಡವರಿಸಲಿಲ್ಲ.

ಆಕೆ ಮಾಡಿದ್ದು ಬರಿಯ ಚಮತ್ಕಾರವಲ್ಲ ಎಂಬುದು ಓದಿದ ಮೇಲೆ ತಿಳಿಯಿತು. ಮಾತು ಕಳೆದುಕೊಂಡವರು ಹಾಡಬಲ್ಲರೆಂಬುದನ್ನು ಹದಿನೆಂಟನೆಯ ಶತಮಾನದಲ್ಲೇ ಗಮನಿಸಿದ್ದರು. ಅದನ್ನು ಕ್ರಮಬದ್ಧ ಚಿಕಿತ್ಸೆಯಾಗಿ 1973ರಲ್ಲಿ ಪ್ರಕಟಿಸಿದವರು ಬಾಸ್ಟನ್ನಿನ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್. ಮೆಲೋಡಿಕ್ ಇಂಟೋನೇಶನ್ ಥೆರಪಿ ಎಂದು ಅದರ ಹೆಸರು. ಅರ್ಥ ಗ್ರಹಿಸುವ ಶಕ್ತಿ ಉಳಿದಿದ್ದು ಆಡುವ ಶಕ್ತಿ ಮಾತ್ರ ಹೋದವರಿಗೆ ಅದು ಹೆಚ್ಚು ಹೊಂದುತ್ತದೆ. ದಿನಬಳಕೆಯ ಚಿಕ್ಕ ಮಾತೊಂದನ್ನು ಎತ್ತರದ ಒಂದು, ತಗ್ಗಿನ ಒಂದು, ಹೀಗೆ ಎರಡೇ ಸ್ವರಗಳಲ್ಲಿ ಕೂರಿಸಿ, ಅಕ್ಷರಕ್ಕೊಮ್ಮೆ ರೋಗಿಯ ಎಡಗೈಯನ್ನು ತಟ್ಟುತ್ತ ಹೇಳಿಸುತ್ತಾರೆ. ಎಡಗೈ ಏಕೆಂದರೆ, ಮಾತಿನ ಕೇಂದ್ರಗಳು ಬಹುಪಾಲು ಜನರಿಗೆ ಮಿದುಳಿನ ಎಡಭಾಗದಲ್ಲಿರುವುದರಿಂದ, ಏಟು ತಿನ್ನದ ಬಲಭಾಗವನ್ನು ಕೆಲಸಕ್ಕೆ ಎಬ್ಬಿಸಬಹುದೆಂಬ ಊಹೆ. ರಾಗಕ್ಕಿಂತ ಲಯಕ್ಕೂ ಬಾಯಿಪಾಠವಾಗಿ ಹೋದ ನುಡಿಗೂ ಇದರಲ್ಲಿ ಹೆಚ್ಚಿನ ಪಾಲಿದೆ ಎಂದು ಆಮೇಲಿನ ಕೆಲವು ಸಂಶೋಧಕರು ವಾದಿಸಿದ್ದಾರೆ. ನಮ್ಮ ಮಗ್ಗಿಯಲ್ಲಿ ಲಯವೂ ಇದೆ, ಬಾಯಿಪಾಠವೂ ಇದೆ, ಸ್ವರಗಳೂ ಎರಡು ಮೂರಕ್ಕಿಂತ ಹೆಚ್ಚಿಲ್ಲ. ನಮ್ಮ ಶಾಲೆಗಳ ಆ ಏಕತಾನವನ್ನು ಬೈಯುತ್ತ ಬೆಳೆದವನು ನಾನು.

ನಾಲ್ಕನೆಯ ವಾರದಿಂದ ಆಕೆ ಮಗ್ಗಿಯ ಧಾಟಿಯಲ್ಲೇ ‘ನೀರು ಕೊಡು’ ಎಂಬುದನ್ನು ತೂರಿಸಿದರು. ಮೊದಲು ಆಕೆ ಗುನುಗುವುದು. ಆಮೇಲೆ ಇಬ್ಬರೂ ಒಟ್ಟಿಗೆ ನೀ–ರು–ಕೊ–ಡು. ನಡುವೆ ಆಕೆ ದನಿ ತಗ್ಗಿಸಿ ಅಮ್ಮನನ್ನು ಒಬ್ಬರೇ ಮುಂದುವರಿಸಲು ಬಿಡುವುದು. ಕೊನೆಗೆ ‘ಟೀಚರ್, ನಿಮಗೇನು ಬೇಕು?’ ಎಂದು ಕೇಳಿ ಉತ್ತರಕ್ಕಾಗಿ ಕಾಯುವುದು. ಆ ಕಾಯುವಿಕೆ ಕೆಲವೊಮ್ಮೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಪಕ್ಕದಲ್ಲಿದ್ದ ನಾನು ಹೇಳಿಕೊಡಲು ಬಾಯಿ ತೆರೆದಾಗಲೆಲ್ಲ ಆಕೆ ಕಣ್ಣಲ್ಲೇ ತಡೆಯುತ್ತಿದ್ದರು. ಹನ್ನೆರಡು ವಾರಗಳ ಕೊನೆಗೆ ಇಂಥ ಹದಿನಾಲ್ಕು ಮಾತುಗಳು ಅಮ್ಮನ ಕೈವಶವಾದವು, ಅವುಗಳಲ್ಲಿ ಆರಕ್ಕೆ ಧಾಟಿಯ ಊರುಗೋಲೂ ಬೇಕಿಲ್ಲ.

ಇಷ್ಟಾದರೂ ಹಾಡಿದರೆ ಮಾತು ಬಂದಂತೆಯೇ ಎಂದು ಯಾರೂ ನಂಬಬಾರದು. ಬಾಯಿಪಾಠದ ಹಾಡು ಬರುವುದು ಬೇರೆ, ಬೇಕೆಂದಾಗ ಬೇಕಾದ ಪದ ಸಿಗುವುದು ಬೇರೆ. ಮೊದಲನೆಯದು ಎಷ್ಟೇ ಚೆನ್ನಾಗಿದ್ದರೂ ತಾನಾಗಿ ಎರಡನೆಯದಾಗುವುದಿಲ್ಲ. ಅಧ್ಯಯನಗಳಲ್ಲೂ ಅಭ್ಯಾಸ ಮಾಡಿಸಿದ ಮಾತುಗಳಲ್ಲಿ ಕಂಡಷ್ಟು ಸುಧಾರಣೆ ಸಹಜ ಸಂಭಾಷಣೆಯಲ್ಲಿ ಕಂಡುಬಂದಿಲ್ಲ, ನಮ್ಮ ಅನುಭವವೂ ಅದೇ. ಆದ್ದರಿಂದ ವಾಕ್ ಚಿಕಿತ್ಸೆಯನ್ನು ಬಿಟ್ಟು ಇದನ್ನು ಹಿಡಿಯುವುದು ತಪ್ಪು ಲೆಕ್ಕ.

ಶುಕ್ರವಾರದ ಗುಂಪಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯದಿಂದ ಚೇತರಿಸಿಕೊಳ್ಳುವಾಗ ಚಿತ್ರ ಬರೆಯುತ್ತ ಅದರ ಗುಣ ಕಂಡು, 1942ರಲ್ಲಿ ‘ಆರ್ಟ್ ಥೆರಪಿ’ ಎಂಬ ಹೆಸರು ಕೊಟ್ಟರು. ಇಂದು ಅಲ್ಲಿ ಸರ್ಕಾರಿ ನೋಂದಣಿ ಇಲ್ಲದವರು ಆ ಹೆಸರಿನ ಬೋರ್ಡು ಹಾಕುವಂತಿಲ್ಲ. ಇಲ್ಲಿ ಆ ಕಟ್ಟುನಿಟ್ಟಿನ ಲಕ್ಷಣ ನನಗೆ ಕಾಣಲಿಲ್ಲ. ಎಷ್ಟೋ ದಿನ ಅದು ಬೇಸಿಗೆ ಶಿಬಿರದ ಚಿತ್ರಕಲೆಯ ತರಗತಿಯಂತೆಯೇ ನಡೆಯಿತು: ಎಲ್ಲರಿಗೂ ಒಂದೇ ನಮೂನೆ, ಕೊನೆಗೆ ಚಪ್ಪಾಳೆ. ಬೇರೆಯಾಗಿ ನಿಂತದ್ದು ಒಂದೇ ದಿನ. ಅಂದು ತಟ್ಟೆಯ ತುಂಬ ಹಿಟ್ಟು ಹರಡಿ ಬೆರಳಿನಿಂದ ಏನಾದರೂ ಬರೆಯಿರಿ ಎಂದಾಗ, ಬಲಗೈ ಸ್ವಾಧೀನವಿಲ್ಲದ ಅಮ್ಮ ಎಡಗೈಯ ತೋರುಬೆರಳಿನಿಂದ ಏಳರಿಂದ ಒಂದರವರೆಗೆ ಇಳಿಯುವ ಚುಕ್ಕಿಗಳನ್ನಿಟ್ಟು, ಐದನೆಯ ಸಾಲಿನಲ್ಲಿ ಒಂದು ಚುಕ್ಕಿ ಹೆಚ್ಚಾದದ್ದನ್ನು ತಾವೇ ಕಂಡುಹಿಡಿದು ಅಳಿಸಿದರು. ಚಿಕಿತ್ಸಕರ ದಾಖಲೆಯಲ್ಲಿ ಅಂದಿನ ಟಿಪ್ಪಣಿ ‘ಚೆನ್ನಾಗಿ ಭಾಗವಹಿಸಿದರು’ ಎಂದಿತ್ತು. ಎಣಿಕೆ, ಗಮನ, ತಪ್ಪನ್ನು ತಿದ್ದಿಕೊಳ್ಳುವ ಶಕ್ತಿ ಎಲ್ಲವೂ ಅಲ್ಲಿ ಕಣ್ಣಿಗೆ ಕಾಣುವಂತಿದ್ದವು; ಅದನ್ನು ಬರೆದಿಡದಿದ್ದರೆ ಚಿಕಿತ್ಸೆಗೂ ಹವ್ಯಾಸಕ್ಕೂ ಏನು ವ್ಯತ್ಯಾಸ?

ಉಳಿದ ದೂರುಗಳನ್ನು ಬೇಗ ಹೇಳಿಬಿಡುತ್ತೇನೆ. ಕಲೆಯ ಕೋಣೆ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಪಾರ್ಶ್ವವಾಯುವಾದವರು ಹದಿನೆಂಟು ಮೆಟ್ಟಿಲು ಹತ್ತಬೇಕು. ಅಮ್ಮನ ಫೋಟೋವನ್ನು ನಮ್ಮನ್ನು ಕೇಳದೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು, ಹೇಳಿದ ಮೇಲೆ ತೆಗೆದರು. ಸ್ವಾಗತದ ಗೋಡೆಯ ಮೇಲೆ ಯಾವ ರಾಗಕ್ಕೆ ಯಾವ ಕಾಯಿಲೆ ಎಂಬ ಪಟ್ಟಿ ತೂಗುಹಾಕಿದ್ದಾರೆ: ಒಂದು ರಾಗ ರಕ್ತದೊತ್ತಡಕ್ಕೆ, ಇನ್ನೊಂದು ಸಕ್ಕರೆ ಕಾಯಿಲೆಗೆ. ಒಳಗೆ ಅಷ್ಟು ಎಚ್ಚರದಿಂದ ಕೆಲಸ ಮಾಡುವ ಚಿಕಿತ್ಸಕಿ ದಿನವೂ ಆ ಪಟ್ಟಿಯ ಮುಂದೆ ಹೇಗೆ ಹಾದುಹೋಗುತ್ತಾರೋ ಕಾಣೆ.

ಹಣಕ್ಕೆ ತಕ್ಕದ್ದೇ ಎಂದು ಕೇಳುವವರಿಗೆ ಒಂದು ಮಾತು. ಫಿನ್ಲೆಂಡಿನಲ್ಲಿ ಪಾರ್ಶ್ವವಾಯುವಾದ 60 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ತಿಂಗಳು ದಿನವೂ ಕನಿಷ್ಠ ಒಂದು ಗಂಟೆ ತಮ್ಮಿಷ್ಟದ ಸಂಗೀತ ಕೇಳಿದವರ ಮಾತಿನ ನೆನಪು ಮತ್ತು ಏಕಾಗ್ರತೆ ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದವು. ಇದಕ್ಕೆ ಖರ್ಚಿಲ್ಲ, ಕೇಂದ್ರಕ್ಕೆ ಹೋಗಲಾಗದವರು ಮನೆಯಲ್ಲಿಯೇ ಮಾಡಬಹುದು. ಕೇಂದ್ರಕ್ಕೆ ಹೋಗುವವರು ಹಣ ಕಟ್ಟುವ ಮೊದಲು ಚಿಕಿತ್ಸಕರು ಎಲ್ಲಿ, ಎಷ್ಟು ವರ್ಷ ಕಲಿತರು, ನಿಮ್ಮ ಭಾಷೆ ಬಲ್ಲರೇ, ನಿಮ್ಮ ವಾಕ್ ಚಿಕಿತ್ಸಕರ ಜೊತೆ ಮಾತಾಡಲು ಒಪ್ಪುವರೇ ಎಂದು ವಿಚಾರಿಸಿಕೊಳ್ಳಬೇಕು. ನಮ್ಮ ಚಿಕಿತ್ಸಕಿ ಮೂರನೆಯದನ್ನು ಕೇಳದೆಯೇ ಮಾಡಿದರು.

ಮುಂದಿನ ಹನ್ನೆರಡು ವಾರಕ್ಕೆ ನಾವು ಮಂಗಳವಾರದ ಸೆಷನ್ನಿಗೆ ಮಾತ್ರ ಹಣ ಕಟ್ಟಿದ್ದೇವೆ. ಆ ಕೋಣೆ ನೆಲಮಹಡಿಯಲ್ಲಿದೆ. ಶುಕ್ರವಾರ ಅಮ್ಮ ಮನೆಯಲ್ಲೇ ತಟ್ಟೆಗೆ ಹಿಟ್ಟು ಹರಡಿಕೊಂಡು ಕೂರುತ್ತಾರೆ. ಈಗ ಒಂಬತ್ತರಿಂದ ಇಳಿಯುವ ಚುಕ್ಕಿ ಇಡುತ್ತಿದ್ದಾರೆ.